ಆಟದೊಳಗೆ ಸೇರಿಹೋದ ಕೂಗು

ಚಾಮರಾಜನಗರದಲ್ಲಿ ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾವು ಮೂವರು ಕೆಲಸ ಮಾಡುತ್ತೇವೆ. ಕೋಡ್ ಬರೆಯುವವಳು ನನ್ನ ತಮ್ಮನ ಹೆಂಡತಿ. ಚಿತ್ರ ಬಿಡಿಸುವವನು ಊರಿನ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರ ಮಗ. ಅವನದು ಮನೆಯಲ್ಲಿ ಉರ್ದು, ನಮ್ಮೊಡನೆ ಕನ್ನಡ. ಈ ಎರಡು ಕೆಲಸವೂ ನನಗೆ ಬರುವುದಿಲ್ಲ. ನಾನು ಕನ್ನಡ ತಿದ್ದುತ್ತೇನೆ, ಸದ್ದುಗಳನ್ನು ರೆಕಾರ್ಡ್ ಮಾಡಿ ಹೆಸರು ಕೊಟ್ಟು ಇಡುತ್ತೇನೆ, ಯಾವ ಕೆಲಸ ಎಲ್ಲಿಗೆ ಬಂತು ಎಂದು ದಿನಾ ಪುಸ್ತಕದಲ್ಲಿ ಬರೆಯುತ್ತೇನೆ.

ಆ ತಿಂಗಳು ನಾಲ್ಕು ಕೆಲಸ ಒಟ್ಟಿಗೆ ಬಿದ್ದಿದ್ದವು. ಗುಂಡ್ಲುಪೇಟೆಯ ಟ್ಯೂಷನ್ ಸೆಂಟರಿಗೆ ಒಂದು ವೆಬ್‌ಸೈಟು, ಹರವೆಯ ಅರಿಶಿನ ವ್ಯಾಪಾರಿಗೆ ಇನ್ನೊಂದು, ಕಾಡಂಚಿನ ಊರುಗಳ ಬದುಕನ್ನು ತೋರಿಸುವ ಮೂರನೆಯದು. ಇವುಗಳ ನಡುವೆ ಬಿಡುವು ಸಿಕ್ಕಾಗ ನಮ್ಮದೇ ಆಟ: ಚೆಂಡು ಹೂವಿನ ಮೂಟೆ ಹೇರಿದ ಮೊಪೆಡ್ಡನ್ನು ಬೀಳಿಸದೆ ಮಾರ್ಕೆಟ್ಟಿಗೆ ಮುಟ್ಟಿಸಬೇಕು.

ಮೂರನೆಯ ವೆಬ್‌ಸೈಟಿಗಾಗಿ ನಾನು ಹಂಗಳಕ್ಕೆ ಹೋಗಿದ್ದೆ. ಅಲ್ಲಿ ಒಬ್ಬ ಅಜ್ಜಿ ಸಂಜೆ ಹಿತ್ತಲಲ್ಲಿ ನಿಂತು ಕೂಗಿದರೆ ಕಾಡಂಚಿನಲ್ಲಿ ಮೇಯುವ ಅವರ ನಾಲ್ಕು ಹಸು ಮಾತ್ರ ತಲೆ ಎತ್ತಿ ಮನೆ ಕಡೆ ತಿರುಗುತ್ತಿದ್ದವು. ಬೇರೆಯವರ ದನ ಅಲುಗುತ್ತಿರಲಿಲ್ಲ. ಆ ಕೂಗನ್ನು ರೆಕಾರ್ಡ್ ಮಾಡಿಕೊಳ್ಳಲು ಮೊದಲು ಅಜ್ಜಿ ಒಪ್ಪಲಿಲ್ಲ. "ಅದ್ಯಾಕವ್ವ ನಿಮ್ಗ? ದನ ಕರ್ಯದು, ಪದ ಏಳದಾ?" ಎಂದರು. ಕೇಳಿದವರು ನಿಮ್ಮೂರನ್ನು ಗೌರವದಿಂದ ನೋಡುತ್ತಾರೆ ಎಂದು ನಾನೇ ಒಪ್ಪಿಸಿದೆ. ಹಸುಗಳಿಗೆ ಕೇಳಿಸದಿರಲೆಂದು ಅವರು ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಕೂಗಿದರು. ಆ ಕೂಗನ್ನು ನಾನಿಲ್ಲಿ ಅಕ್ಷರದಲ್ಲಿ ಬರೆಯುವುದಿಲ್ಲ. ಒಮ್ಮೆ ಹೊತ್ತು ತಂದದ್ದೇ ಸಾಕು.

ವಾಪಸು ಬಂದ ಮೇಲೆ ಒಂದು ಮಧ್ಯಾಹ್ನ ಆಟದಲ್ಲಿ ಮೊಪೆಡ್ ಬೀಳುವಾಗ ಬರಬೇಕಾದ ಸದ್ದು ಇರಲಿಲ್ಲ. "ಸದ್ಯಕ್ಕೆ ಏನಾದ್ರೂ ಹಾಕಿ ಅಕ್ಕ, ಆಮೇಲೆ ಬದಲಾಯಿಸೋಣ" ಎಂದ ಚಿತ್ರದವನು. ಕೈಗೆ ಮೊದಲು ಸಿಕ್ಕಿದ್ದು ಅಜ್ಜಿಯ ಕೂಗು. ಹಾಕಿದೆ. ಮೊಪೆಡ್ ಮಗುಚಿತು, ಹೂವು ಚೆಲ್ಲಿತು, ಅಜ್ಜಿ ಕೂಗಿದರು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಲ್ಲರಿಗಿಂತ ಜಾಸ್ತಿ ನಕ್ಕವಳು ನಾನು. ಇನ್ನೊಮ್ಮೆ ಬೀಳಿಸು ಎಂದವಳೂ ನಾನೇ.

ಪುಸ್ತಕದಲ್ಲಿ "ಬೀಳುವ ಸದ್ದು, ತಾತ್ಕಾಲಿಕ, ಬದಲಿಸಬೇಕು" ಎಂದು ಬರೆದೆ. ಆಟ ಬಿಡುಗಡೆ ಮಾಡುವ ದಿನವೇ ಟ್ಯೂಷನ್ ಸೆಂಟರಿನವರ ವೆಬ್‌ಸೈಟಿನ ಫಾರಂ ಕೆಟ್ಟು ಫೋನ್ ಮೇಲೆ ಫೋನ್ ಬರುತ್ತಿತ್ತು. ತಮ್ಮನ ಹೆಂಡತಿ ಆ ಗಲಾಟೆಯಲ್ಲೇ ಕೇಳಿದಳು, "ಅಕ್ಕ, ಸದ್ದೆಲ್ಲ ಆಯ್ತಾ?" ನೋಡದೆಯೇ "ಆಯ್ತು ಕಣೆ" ಎಂದು ಸಾಲಾಗಿ ಟಿಕ್ ಹಾಕಿದೆ.

ಮೂರು ವಾರ ಕಳೆದು ಅಜ್ಜಿಯ ಸೊಸೆ ಫೋನ್ ಮಾಡಿದರು. "ಅಮ್ಮಾರೆ, ನಮ್ಮತ್ತ ದನಿ ಕಂಡೋರ್ ಫೋನಲ್ಲೆಲ್ಲ ಕೂಗ್ತದಲ್ಲ, ಏನ್ ಮಾಡ್ಬುಟ್ರಿ?" ಬಸ್ ಸ್ಟಾಪಿನಲ್ಲಿ ಕೂತವರು ದಿನವಿಡೀ ಆ ಆಟ ಆಡುತ್ತಿದ್ದರಂತೆ. ಅಜ್ಜಿ ಎದುರಾದರೆ ಬೇಕೆಂದೇ ಮೊಪೆಡ್ ಬೀಳಿಸುತ್ತಿದ್ದರಂತೆ. ಹಿಂದಿನ ಸಂಜೆ ಅವರ ಕೆಂದ ಹಸು ಫೋನಿನ ಆ ಕೂಗು ಕೇಳಿ ಮನೆ ಕಡೆ ಬರುವುದು ಬಿಟ್ಟು ರೋಡಿನ ಕಡೆ ತಿರುಗಿತ್ತು. ಲಾರಿಯವನು ಬ್ರೇಕ್ ಹಾಕಿದ್ದಕ್ಕೆ ಹಸುವಿನ ಮಂಡಿ ತರಚಿದ್ದರಲ್ಲೇ ಮುಗಿದಿತ್ತು.

ನಾನು ಪುಸ್ತಕ ತೆಗೆದು ನೋಡಿದೆ. ಟಿಕ್ ನನ್ನದೇ. ಅಷ್ಟರಲ್ಲಿ ತಮ್ಮನ ಹೆಂಡತಿ, "ನಾನು ಒಂದ್ಸಲ ಆಡಿ ನೋಡ್ಬೇಕಿತ್ತು, ತಪ್ಪು ನಂದೇ" ಎಂದು ಸದ್ದು ತೆಗೆಯಲು ಕೂತಳು. ನಾನು ಇಲ್ಲ ಎನ್ನಲಿಲ್ಲ. ಪುಸ್ತಕ ಮುಚ್ಚಿ, ಅವಳಿಗೆ ಟೀ ತಂದುಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಹೊಸ ಆಟ ಸಿದ್ಧವಾಯಿತು. ಆದರೆ ಹಳೆಯದು ಯಾರ ಫೋನಿನಲ್ಲಿ ಉಳಿದಿದೆಯೋ ಅದನ್ನು ಅವರೇ ಬದಲಿಸಿಕೊಳ್ಳಬೇಕು. ಹಂಗಳದ ಬಸ್ ಸ್ಟಾಪಿನವರು ಬದಲಿಸಿಕೊಳ್ಳುವುದು ಸುಳ್ಳು.

ಮರುದಿನ ಹಂಗಳಕ್ಕೆ ಹೋದೆ. ಅಜ್ಜಿ ಜಗಲಿಯ ಮೇಲಿದ್ದರು. "ನಮ್ಮಲ್ಲಿ ಒಂದು ತಪ್ಪಾಗಿಬಿಟ್ಟಿದೆ ಅಜ್ಜಿ" ಎಂದೆ.

"ತಪ್ಪು ತಾನಾಗೇ ಆಯ್ತದಾ? ಯಾರ್ ಮಾಡುದ್ದು?"

"ನಾನೇ" ಎಂದೆ. ಕೆಲಸ ಜಾಸ್ತಿಯಿತ್ತು, ನಾಲ್ಕು ಒಟ್ಟಿಗೆ ನಡೀತಿತ್ತು ಎಂದೂ ಸೇರಿಸಿದೆ.

"ನನ್ಗೂ ನಾಕವ ಕಣವ್ವ ದನ. ಒಂದ್ರ ಎಸ್ರಲ್ಲಿ ಇನ್ನೊಂದ ಕರ್ಯಕಿಲ್ಲ" ಎಂದರು. ಸೊಸೆಗೆ ನಗು ಬಂದು ಸೆರಗು ಅಡ್ಡ ಹಿಡಿದುಕೊಂಡರು. ಅಜ್ಜಿ ನಗಲಿಲ್ಲ. ಎಲೆ ಅಡಿಕೆ ಚೀಲ ಬಿಚ್ಚುತ್ತ ಕೇಳಿದರು: "ನಿಂಗೂ ನಗ ಬಂತಾ, ಅದ ಕೇಳಿ?"

ಸುಳ್ಳು ಹೇಳಬಹುದಿತ್ತು. "ಬಂತು ಅಜ್ಜಿ" ಎಂದೆ. ಅವರು ತಲೆಯಾಡಿಸಿ ಎಲೆಗೆ ಸುಣ್ಣ ಹಚ್ಚತೊಡಗಿದರು.

ಹೊತ್ತು ಇಳಿಯಿತು. "ಅತ್ತ, ಕೂಗ್ರಿ, ಕತ್ಲಾದ್ರ ಆನ ಬತ್ತವ" ಎಂದರು ಸೊಸೆ. ಅಜ್ಜಿ ಏಳಲಿಲ್ಲ. "ಇವ್ರ ಬಸ್ ಬರ್ಲಿ" ಎಂದರು, ನನ್ನ ಕಡೆ ನೋಡದೆ. "ಇವ್ರು ಓಗ್ಲಿ. ಆಮ್ಯಾಕ ಕರೀತೀನಿ."

ನಾನು ಫೋನ್ ಸ್ವಿಚ್ ಆಫ್ ಮಾಡಿ ಜಗಲಿಯ ಮೇಲಿಟ್ಟು ತೋರಿಸಿದೆ. ಅವರು ಅದನ್ನು ನೋಡಲೂ ಇಲ್ಲ. ಫೋನ್ ತೆಗೆದುಕೊಂಡು ಎದ್ದು ಸ್ಟಾಪಿಗೆ ಬಂದೆ. ಬಸ್ಸಿನ ಸುಳಿವಿರಲಿಲ್ಲ. ಅಲ್ಲಿಂದ ಅವರ ಹಿತ್ತಲು ಕಾಣುತ್ತಿತ್ತು. ಅಜ್ಜಿ ಬೇಲಿಯ ಬಳಿ ಬಂದು ನಿಂತು, ನಾನಿನ್ನೂ ಇರುವುದನ್ನು ನೋಡಿ ಕೂಗಲಿಲ್ಲ. ಹೊಲಗಳಾಚೆ ಹಸುಗಳು ಇನ್ನೂ ಮೇಯುತ್ತಿದ್ದವು.

ನಾನು ಗುಂಡ್ಲುಪೇಟೆಯ ಕಡೆಗೆ ನಡೆಯತೊಡಗಿದೆ. ಮೊದಲು ಮಾಮೂಲಿನಂತೆ, ಆಮೇಲೆ ಬೇಗ ಬೇಗ. ಮನೆಗಳು ಮುಗಿದವು, ತಿರುವು ದಾಟಿದೆ, ಇಲ್ಲಿಗೆ ಅವರ ಕೂಗು ಖಂಡಿತ ಕೇಳಿಸದು ಅನ್ನಿಸಿದ ಮೇಲೂ ನಡೆದೆ. ಹಿಂದಿನಿಂದ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದೆ. "ಏನಮ್ಮ, ಸ್ಟಾಪಲ್ಲಿ ನಿಂತ್ಕಳದ್ ಬುಟ್ಟು ಇಲ್ಲಿಗಂಟ ನಡ್ಕಂಡ್ ಬಂದಿದ್ದೀರಲ್ಲ?" ಎಂದ ಕಂಡಕ್ಟರ್. ಆಧಾರ್ ಕಾರ್ಡು ತೋರಿಸಿ, ಗುಂಡ್ಲುಪೇಟೆ ಎಂದಷ್ಟೇ ಹೇಳಿ ಒಳಗೆ ಹೋಗಿ ಕೂತೆ.