ಟೇಪಿನಡಿಯ ಮೂರು ಗೆರೆ

ಸಹಕಾರನಗರದ ಉದ್ಯಾನದ ಎದುರಿಗಿದ್ದ ಆ ಸೈಕಲ್ ಅಂಗಡಿಯಲ್ಲಿ ಹನ್ನೊಂದು ವರ್ಷಗಳಿಂದ ಒಂದು ನೇಮ ತಪ್ಪದೆ ನಡೆದುಬಂದಿತ್ತು. ಹೊಸ ರಿಮ್ಮು ಯಾವುದೇ ಬರಲಿ, ಸಂಗಮೇಶ ಅದನ್ನು ತೊಡೆಯ ಮೇಲೆ ಇರಿಸಿಕೊಂಡು, ಟೈರಿನ ಅಂಚು ಕೂರುವ ಎರಡು ಒಳಗೋಡೆಗಳ ನಡುವಿನ ಅಂತರವನ್ನು ವರ್ನಿಯರ್ ಎಂಬ ಸೂಕ್ಷ್ಮ ಅಳತೆಗೋಲಿನಿಂದ ಮೂರು ಕಡೆ ಅಳೆಯುತ್ತಿದ್ದ. ಮೂರೂ ಅಳತೆ ಒಂದೇ ಆಗಿದ್ದರೆ, ಗಾಳಿಯ ವಾಲ್ವಿನ ತೂತಿನ ಪಕ್ಕದಲ್ಲಿ ಬಿಳಿ ಮಾರ್ಕರಿನಿಂದ ಮೂರು ಅಡ್ಡಗೆರೆ ಎಳೆದು, ಕೆಳಗೆ ಮಿಲಿಮೀಟರಿನ ಅಂಕಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದ. ಅದರ ಮೇಲೆ ರಿಮ್ ಟೇಪು ಸುತ್ತಿದರೆ ಗುರುತು ಮರೆಯಾಗುತ್ತಿತ್ತು. ಮುಂದೆ ಟೈರು ಹಾಕುವವರು ಟೇಪಿನ ತುದಿಯನ್ನೆತ್ತಿ ಅಂಕಿ ನೋಡಿಕೊಂಡರಾಯಿತು, ಮತ್ತೆ ಅಳೆಯಬೇಕಿರಲಿಲ್ಲ. ಬೆಳಗ್ಗೆ ಇಷ್ಟಲಿಂಗದ ಪೂಜೆಯ ಹೊತ್ತಿಗೆ ಹಣೆಗೆ ವಿಭೂತಿ ಎಳೆದುಕೊಳ್ಳುವ ಕೈಯೇ ಇಲ್ಲಿಯೂ ಎಳೆಯುತ್ತಿದೆ ಎಂಬುದು ಅವನ ಭಾವ. ಕಣ್ಣಾರೆ ಕಂಡು ಕೈಯಾರೆ ಅಳೆದಿದ್ದೇನೆ ಎಂಬುದಷ್ಟೇ ಆ ಗೆರೆಗಳ ಅರ್ಥ.

ರೋಣದ ಕಡೆಯ ಹಳ್ಳಿಯೊಂದರಿಂದ ಇಪ್ಪತ್ತನೆಯ ವಯಸ್ಸಿಗೆ ಬಂದವನು ನಾಗಸಂದ್ರದ ಬಳಿಯ ಕಾರ್ಖಾನೆಯೊಂದರ ತಪಾಸಣಾ ವಿಭಾಗ ಸೇರಿದ್ದ. ಅಲ್ಲಿ ವರ್ನಿಯರು ಹಿಡಿಯುವುದನ್ನು ಕಲಿತ. ಅಲ್ಲಿಯೇ ಬಲಗೈಯ ತೋರುಬೆರಳು ಪ್ರೆಸ್ ಯಂತ್ರಕ್ಕೆ ಸಿಕ್ಕಿ ಸೊಟ್ಟಗಾಯಿತು. ಕಾರ್ಖಾನೆ ಮುಚ್ಚಿದಾಗ ಅವನನ್ನು ಕರೆದು ಅಂಗಡಿಗೆ ಜಾಗ ಕೊಟ್ಟವನು ಕೊಡಿಗೇಹಳ್ಳಿಯ ಹಳೆಯ ಒಕ್ಕಲು ಮನೆತನದ ನಾಗೇಶ. ಕಟ್ಟಡ ನಾಗೇಶನದು, ಕಸುಬು ಸಂಗಮೇಶನದು, ಅಂಗಡಿ ಇಬ್ಬರದು. ಕಡ್ಡಿ ಬಿಗಿದು ಚಕ್ರ ಕಟ್ಟುವುದನ್ನು ನಾಗೇಶ ಅವನಿಂದಲೇ ಕಲಿತ. ಅವನನ್ನು 'ಅಣ್ಣ' ಎಂದೇ ಕರೆಯುತ್ತಿದ್ದ.

ಗಿರಾಕಿಗಳು ಸಂಗಮೇಶನನ್ನು ಕೆಣಕುವುದೂ ಇತ್ತು. "ಮನೇಲಿ ರೊಟ್ಟಿಗೂ ವರ್ನಿಯರ್ ಇಡ್ತೀರಂತೆ, ಹೌದಾ ಅಣ್ಣ?" ಎಂದು ಕೇಳಿದರೆ, "ಇಡಾಂಗಿಲ್ರೀ. ನಮ್ಮಾಕಿ ಕೈಯೇ ವರ್ನಿಯರ್ ಐತಿ" ಎಂದು ನಗುತ್ತಿದ್ದ.

ಹಾಗೆ ಕೆಣಕುವವರಲ್ಲಿ ಸ್ನೇಹಾ ಮೊದಲಿಗಳು. ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ವ್ಯಾಯಾಮ ಶಿಕ್ಷಕಿ. ರಜೆ ಬಂತೆಂದರೆ ಕಲ್ಲು ಕೊರಕಲಿನ ಇಳಿಜಾರುಗಳಲ್ಲಿ ಮೌಂಟನ್ ಬೈಕ್ ಓಡಿಸುವವಳು. ಶ್ರಾವಣದ ಒಂದು ಭಾನುವಾರ ಅವಳಿಗೊಂದು ಸ್ಪರ್ಧೆಯಿತ್ತು. ಅದಕ್ಕಾಗಿ ಅಗಲವಾದ ಹೊಸ ಚಕ್ರಗಳು ಬೇಕೆಂದಳು. ಎಂಟು ದಿನ ಮೊದಲು, ಶನಿವಾರ, ಸಂಗಮೇಶ ಅವಳ ಹೆಸರಿನ ಎರಡು ರಿಮ್ಮುಗಳನ್ನು ಅಳೆದು ಮೂರು ಗೆರೆ ಎಳೆದು '೩೦' ಎಂದು ಬರೆದ. ಆ ಒಳಅಗಲಕ್ಕೆ ಎರಡೂವರೆ ಇಂಚಿಗಿಂತ ತುಸು ಹೆಚ್ಚಿನ ಟೈರು ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಅದೇ ಟೈರನ್ನು ಕಿರಿದಾದ ರಿಮ್ಮಿಗೆ ಹಾಕಿದರೆ ಬುಡ ಇಕ್ಕಟ್ಟಾಗಿ ಮೇಲೆ ಬಲ್ಬಿನಂತೆ ಉಬ್ಬುತ್ತದೆ. ಗಾಳಿ ಕಡಿಮೆಯಿಟ್ಟು ತಿರುವಿನಲ್ಲಿ ವಾಲಿದಾಗ ಪಕ್ಕಕ್ಕೆ ಹೊರಳುತ್ತದೆ. ಇದನ್ನು ಅವನು ನೂರಾರು ಜನರಿಗೆ ಹೇಳಿ, ಹಟ ಹಿಡಿದವರನ್ನು ಬರಿಗೈಯಲ್ಲಿ ಕಳುಹಿಸಿಯೂ ಇದ್ದ.

ಸೋಮವಾರ ಉಪವಾಸ, ಅಂದು ಅವನು ಅಂಗಡಿಗೆ ಬರುವವನಲ್ಲ. ಚಕ್ರಗಳನ್ನು ಅಂದು ನಾಗೇಶನೇ ಕಟ್ಟಿಟ್ಟಿದ್ದ. ಸ್ಪರ್ಧೆಯ ಹಿಂದಿನ ಸಂಜೆ ಸ್ನೇಹಾ ಬಂದು ನಿಂತಾಗ ಸಂಗಮೇಶ ಟೇಪಿನ ತುದಿಯನ್ನೆತ್ತಿ ಮೂರು ಗೆರೆ ಕಂಡು ಟೈರು ಏರಿಸಿದ. ಗಾಳಿ ತುಂಬಿ ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದಾಗ ಅದು ಎಂದಿಗಿಂತ ಹೆಚ್ಚು ಜರುಗಿದಂತೆ ತೋರಿತು. ಅವನು ಒಂದು ಗಳಿಗೆ ತಡೆದ. "ಅಣ್ಣ, ಬೇಗ, ಬೆಳಗ್ಗೆ ಐದಕ್ಕೆ ಹೊರಡ್ಬೇಕು" ಎಂದಳು ಸ್ನೇಹಾ. ತಾನೇ ಅಳೆದದ್ದಲ್ಲವೇ ಎಂದುಕೊಂಡು ಕೊಟ್ಟುಬಿಟ್ಟ.

ಸ್ಪರ್ಧೆಯಾದ ಒಂಬತ್ತು ದಿನಗಳ ಮೇಲೆ ಅವಳು ಸರಕು ಆಟೋದಲ್ಲಿ ಸೈಕಲ್ ಹೇರಿಸಿಕೊಂಡು ಬಂದಳು. ಎಡಗೈ ಕೊರಳಿನ ಜೋಳಿಗೆಯಲ್ಲಿತ್ತು. ಕತ್ತಿನ ಕೆಳಗಿನ ಮೂಳೆ ಮುರಿದಿತ್ತು.

"ಬಂಡೆ ಹತ್ರ ತಿರುಗಿಸ್ದೆ ಅಣ್ಣ. ಹಿಂದಿನ ಟೈರು ಹಾಗೇ ಮಗುಚಿಕೊಳ್ತು. ನನ್ನ ತಪ್ಪಾಗಿದ್ರೆ ಒಪ್ಕೊಳ್ತೀನಿ. ಆದ್ರೆ ನೀವೊಂದ್ಸಲ ನೋಡಿ ಹೇಳ್ಬೇಕು."

"ಸ್ಪೀಡು ಜಾಸ್ತಿಯಾಗಿರ್ತದೆ ಮೇಡಂ" ಎಂದ ನಾಗೇಶ ಒಳಗಿನಿಂದ.

ಸಂಗಮೇಶ ಹಿಂದಿನ ಚಕ್ರ ಕಳಚಿ, ಟೈರು ಬಿಚ್ಚಿ, ಟೇಪನ್ನು ಪೂರ್ತಿ ಸುಲಿದ. ಮೂರು ಗೆರೆ, ಕೆಳಗೆ '೩೦'. ಆದರೂ ವರ್ನಿಯರು ತೆಗೆದು ಒಳಗೋಡೆಗಳ ನಡುವೆ ಇಟ್ಟ. ಇಪ್ಪತ್ತೊಂದು. ಚಕ್ರ ತಿರುಗಿಸಿ ಇಟ್ಟ. ಇಪ್ಪತ್ತೊಂದು. ಮತ್ತೊಂದು ಕಡೆಯೂ ಅಷ್ಟೇ. ಗೋಡೆ ದಪ್ಪವಾದ್ದರಿಂದ ಹೊರಗಿನಿಂದ ಅಗಲವಾಗಿ ಕಾಣುವ ಜಾತಿಯ ರಿಮ್ಮು ಅದು.

ಅಂಕಿಯನ್ನು ಸ್ನೇಹಾಳೂ ಬಗ್ಗಿ ಓದಿದಳು. "ಇದ್ರಲ್ಲಿ ಮೂವತ್ತು ಅಂತ ಬರ್ದಿದೀರಲ್ಲ?"

ನಾಗೇಶ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದ. "ಅಳ್ದಿದ್ದು ಅಣ್ಣನೇ ಮೇಡಂ, ಗೆರೆ ಐತಲ್ಲ. ಏನ್ಮಾಡೋದು, ವಯಸ್ಸಾಯ್ತು, ಕಣ್ಣು ಮೊದಲಿನಂಗಿಲ್ಲ."

ಸಂಗಮೇಶ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡ. ಇದ್ದರೂ ಇರಬಹುದೆ? ಐವತ್ತರ ಕಣ್ಣು ಮೋಸಮಾಡಿತೆ? ಒಂದು ಕ್ಷಣ ಅವನು ನಿಜವಾಗಿಯೂ ನಂಬಿದ. ಆ ಕ್ಷಣದಲ್ಲಿ ಇನ್ನು ಈ ಉಪಕರಣ ಮುಟ್ಟಬಾರದೆಂದೂ ಅಂದುಕೊಂಡ. ಕನ್ನಡಕ ಹಾಕಿಕೊಂಡು ಗೆರೆಗಳನ್ನು ಮತ್ತೆ ನೋಡಿದ.

ಸೊಟ್ಟ ಬೆರಳಿನ ದೆಸೆಯಿಂದ ಅವನ ಗೆರೆಗಳ ಬಲತುದಿ ಎಂದೂ ಕೆಳಕ್ಕೆ ಬಾಗುತ್ತಿತ್ತು. ಹನ್ನೊಂದು ವರ್ಷದಲ್ಲಿ ನೆಟ್ಟಗೆ ಬಂದದ್ದೇ ಇಲ್ಲ.

"ನಾಗೇಶ" ಎಂದ ಮೆಲ್ಲಗೆ. "ಈ ಗೆರಿ ಭಾಳ ಚಂದ ಅದಾವಲ್ಲಪಾ. ನನ್ನವು ಇಷ್ಟು ನೆಟ್ಟಗ ಬರೂದಿಲ್ಲ."

ನಾಗೇಶ ಬೀದಿಯ ಕಡೆ ನೋಡಿದ.

"ಶನಿವಾರ ನಾ ಅಳದದ್ದು ಎಲ್ಲಿ ಹೋದ್ವು?"

"ಅಂಗಲ್ಲ ಕಣಣ್ಣ..." ಎಂದ ನಾಗೇಶ. "ಸೋಮವಾರ ನಮ್ಮ ಚಿಕ್ಕಪ್ಪನ ಅಳಿಯ ಬಂದಿದ್ದ. ಅವುನ್ಗೆ ಅವೇ ಬೇಕಂತ ಕುಂತ್ಬುಟ್ಟ. ನಮ್ಮೋರಲ್ವಾ, ಇಲ್ಲ ಅನ್ನಕ್ಕಾಗ್ನಿಲ್ಲ. ಒಳಗಿದ್ದ ಹಳೇ ಸ್ಟಾಕ್ ಕಟ್ದೆ. ಇಂಗಾಗ್ತದೆ ಅಂತ ಗೊತ್ತಿರ್ನಿಲ್ಲ."

"ಗೆರಿ ಯಾಕ ಎಳದಿ?"

"ಗೆರೆ ಇಲ್ದಿದ್ರೆ ನೀನು ಅಳೀತಿದ್ದೆ."

ಅಷ್ಟು ಸಲೀಸಾಗಿ ಹೇಳಿದ್ದನ್ನು ಕೇಳಿ ಸಂಗಮೇಶ ಸ್ಟೂಲಿನ ಮೇಲೆ ಕುಳಿತ. ಅವನಿಗೆ ಬಡಿದದ್ದು ರಿಮ್ಮು ಹೋದದ್ದಲ್ಲ. ಆ ಗೆರೆ ಕಂಡರೆ ತಾನು ಕುರುಡನಾಗುತ್ತೇನೆಂದು ಬಲ್ಲವನು ಲೋಕದಲ್ಲಿ ಒಬ್ಬನೇ ಇದ್ದ. ಬಲ್ಲವನಾದದ್ದು ಪಕ್ಕದಲ್ಲಿ ಕುಳಿತು ಹನ್ನೊಂದು ವರ್ಷ ಉಂಡು ನಕ್ಕದ್ದರಿಂದ. ಈಗಷ್ಟೇ, ಮುರಿದ ಮೂಳೆಯ ಎದುರಿಗೆ ನಿಂತು, ಸಂಗಮೇಶನ ಕಣ್ಣಿನ ಮೇಲೆ ತಪ್ಪು ಹೊರಿಸಲೂ ನಾಗೇಶ ಹೇಸಲಿಲ್ಲ.

"ಅವ್ರು ನಿಮ್ಮೋರು. ನಾ ಯಾರಪಾ ಮತ್ತ?"

ಸ್ನೇಹಾ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. "ಯಾರದೋ ಮುಲಾಜಿಗೆ ನನ್ನ ಮೂಳೆ ಹೋಯ್ತು. ಇರ್ಲಿ. ಆದ್ರೆ ಟೈರ್ ಹಾಕಿದ್ದು ನೀವೇ ಅಲ್ವಾ ಅಣ್ಣ? ನಿಮಗೂ ಗೊತ್ತಾಗ್ಲಿಲ್ವಾ?"

ಗೊತ್ತಾಗಲಿಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. "ಗೊತ್ತಾತ್ರಿ ತಂಗಿ" ಎಂದ ಸಂಗಮೇಶ. "ಹೆಬ್ಬೆಟ್ಟಿಗೆ ಗೊತ್ತಾತು. ಗೆರಿ ನಂಬಿ ಸುಮ್ಮನಾದೆ. ಅದು ನನ್ನ ತಪ್ಪು."

ಅವಳು ಸೈಕಲ್ಲಿನ ಕಡೆ ಕೈ ತೋರಿಸಿ, "ಮುಂದಿನ ಚಕ್ರನೂ ಅಳೀರಿ. ನನ್ನೆದುರಿಗೇ" ಎಂದಳು. ಅವನು ಅಳೆದು ಅಂಕಿಯನ್ನು ಅವಳ ಕಡೆಗೆ ತಿರುಗಿಸಿದ. ಇಪ್ಪತ್ತೊಂದು ಎಂದು ಅವಳೇ ಓದಿದಳು. ಸೈಕಲ್ಲನ್ನು ಅಲ್ಲಿ ಬಿಡಲಿಲ್ಲ. ಆಟೋದವನು ಅದನ್ನು ಮತ್ತೆ ಹೇರಿಕೊಳ್ಳುವವರೆಗೂ ಬಿಸಿಲಿನಲ್ಲಿಯೇ ನಿಂತಿದ್ದು, ಹೋಗುವಾಗ ಎಂದಿನಂತೆ 'ಬರ್ತೀನಿ ಅಣ್ಣ' ಎನ್ನಲಿಲ್ಲ.

"ಇನ್ನೆಷ್ಟಕ್ಕ ಎಳದಿ ಹಿಂಗ?" ಎಂದು ಸಂಗಮೇಶ ಕೇಳಿದ.

"ಇದೊಂದೇ ಕಣಣ್ಣ. ನಮ್ಮಮ್ಮನಾಣೆ."

ಆಣೆ ಸುಳ್ಳಿರಲಿಕ್ಕಿಲ್ಲ. ಆದರೆ ಅದನ್ನು ತಿಳಿಯುವ ಬಗೆ ಇನ್ನು ಸಂಗಮೇಶನಲ್ಲಿ ಉಳಿದಿರಲಿಲ್ಲ. ಎದ್ದು ಗೋಡೆಯ ಮೊಳೆಗೆ ತೂಗಿದ್ದ ಮೊದಲನೆಯ ಚಕ್ರ ಇಳಿಸಿ ಟೇಪು ಬಿಡಿಸಿದ. ಮೂರು ಗೆರೆ, ಬಲತುದಿ ಕೆಳಕ್ಕೆ ಬಾಗಿತ್ತು. ಕೆಳಗೆ '೨೫'.

"ಅದು ನಿಂದೇ ಅಣ್ಣ" ಎಂದ ನಾಗೇಶ ಬಾಗಿಲಿನಲ್ಲಿ ನಿಂತು. "ನೋಡಿದ್ರೆ ಗೊತ್ತಾಗಲ್ವಾ?"

ಸಂಗಮೇಶ ತಲೆಯೆತ್ತದೆ ವರ್ನಿಯರು ಇಟ್ಟ. ಇಪ್ಪತ್ತೈದು. ಚಕ್ರವನ್ನು ತುಸು ಹೊರಳಿಸಿ ಮತ್ತೊಮ್ಮೆ ಇಟ್ಟ.