ಸೆತ್ಸು ಎಷ್ಟು ಸಲ ಮನೆಗೆ ಬರ್ತಾಳೆ?

ತಪ್ಪು ಮಾಡದೆ ಇರೋರು ಸಿಹಿ ಹಂಚ್ತಾರಾ, ನೀವೇ ಹೇಳಿ. ಎದುರುಮನೆ ಸೆತ್ಸು ಒಂದು ಬೆಳಿಗ್ಗೆ ಹೂರಣದ ಸಿಹಿಯ ಡಬ್ಬಿ ತಂದು, ಸೊಂಟ ಬಗ್ಗಿಸಿ, "ನಮ್ಮಿಂದ ತೊಂದರೆ ಆಗ್ಬಹುದು, ಸ್ವಲ್ಪ ಸಹಿಸ್ಕೊಳ್ಳಿ" ಅಂದಳು. ಏನು ತೊಂದರೆ ಅಂತ ಬಾಯಿ ಬಿಡಲಿಲ್ಲ. ಒನೊಮಿಚಿ ಊರಿನ ನಮ್ಮ ಮೆಟ್ಟಿಲುಬೀದಿಯಲ್ಲಿ ಮನೆ ಕೆಡವೋ ಮುಂಚೆ ಅಕ್ಕಪಕ್ಕದವರಿಗೆ ಹಾಗೆ ಸಿಹಿ ಕೊಡ್ತಾರೆ. ಇವಳು ಏನು ಕೆಡವೋಕೆ ಹೊರಟಿದ್ದಾಳೋ? ಅವತ್ತಿನಿಂದಲೇ ಕಿಟಕಿಯ ಪರದೆ ಒಂದು ಬೆರಳು ಸರಿಸಿಟ್ಟೆ.

ಸೆತ್ಸು ಮೊದಲಿಂದಲೂ ಮಾತು ಕಮ್ಮಿ. ಮದುವೆಯ ಗೋಜಿಗೇ ಹೋಗಲಿಲ್ಲ. ಹರೆಯದಿಂದ ಬಂದರಿನ ಒಣಮೀನಿನ ಕಾರ್ಖಾನೆಯಲ್ಲಿ ಮೀನು ಸೀಳಿ, ಮುಸ್ಸಂಜೆಗೆ ರಬ್ಬರ್ ಬೂಟಿನಲ್ಲಿ ಟಪಟಪ ಮೆಟ್ಟಿಲು ಹತ್ತಿ ಬರ್ತಿದ್ದಳು. ಕೊನೆಯ ವರ್ಷಗಳಲ್ಲಿ ಮನೇಲಿ ಕಾಯ್ತಾ ಇದ್ದದ್ದು ಕಿನಾಕೊ ಒಂದೇ, ಹುರಿದ ಸೋಯಾ ಹಿಟ್ಟಿನ ಬಣ್ಣದ ಶಿಬಾ ನಾಯಿ. ಈಗ ಸೆತ್ಸು ಕೆಲಸ ಬಿಟ್ಟು ವರ್ಷಗಳಾದವು. ಕಿನಾಕೊನೂ ಅರ್ಧ ಹಲ್ಲುದುರಿದ ಮುದುಕಿ.

ಪರದೆಯ ಸಂದಿಯಿಂದ ನಾನು ಕಂಡದ್ದು ಹೇಳ್ತೀನಿ. ಮುಸ್ಸಂಜೆ ಸೆತ್ಸು ಹಿತ್ತಿಲ ಬಾಗಿಲಿಂದ ಮೆಲ್ಲಗೆ ಹೊರಗೆ ಬರ್ತಾಳೆ. ಕಾಲಲ್ಲಿ ಅದೇ ಹಳೇ ಬೂಟು. ಮನೆ ಸುತ್ತಿ ಮುಂಬಾಗಿಲಿಗೆ ಬಂದು, "ಬಂದೆ ಕಣೇ" ಅಂತ ಕೂಗಿ ಒಳಗೆ ಹೋಗ್ತಾಳೆ. "ಬಂದೆ" ಅನ್ನದೆ ಮನೆಯೊಳಗೆ ಕಾಲಿಡೋದು ನಮ್ಮಲ್ಲಿ ಕಳ್ಳರು ಮಾತ್ರ, ಅದು ಸರಿ. ಆದರೆ ಸ್ವಲ್ಪ ಹೊತ್ತಿಗೆ ಮತ್ತೆ ಹಿತ್ತಿಲಿಂದ ಹೊರಗೆ, ಮತ್ತೆ ಮುಂಬಾಗಿಲಲ್ಲಿ "ಬಂದೆ ಕಣೇ". ಕತ್ತಲು ಕವಿಯೋವರೆಗೂ ಇದೇ ಕತೆ. ನಡುನಡುವೆ ನಾಯಿ ಗುರ್ ಅನ್ನುತ್ತೆ, ಊಳಿಡುತ್ತೆ. ಮೀನಂಗಡಿಯಲ್ಲಿ ನೋಡಿದರೆ ಅವಳ ಕೈಗೆ ಬಟ್ಟೆಪಟ್ಟಿ.

ನಾಯಿಗೆ ಹೊಡೀತಾಳೆ ಅಂದುಕೊಂಡೆ. ಆಮೇಲೆ, ಅಲ್ಲ, ಇವಳಿಗೇ ಅರಳುಮರುಳು, ಕೆಲಸ ಬಿಟ್ಟದ್ದು ಮರೆತು ದಿನಾ ಕಾರ್ಖಾನೆಯಿಂದ ಬರ್ತಿದ್ದಾಳೆ ಅಂತ ಅನಿಸಿತು. ಬೆಂಕಿಯಿಲ್ಲದೆ ಹೊಗೆಯಾಡುತ್ತಾ? ಬೀದಿಯ ಸಂಘದ ಹಿರಿಯ ಕುವಬಾರನ ಕಿವಿಗೆ ಹಾಕಿದೆ.

"ನಾಯೀನ ಬೇರೆ ಯಾರಿಗಾದ್ರೂ ಒಪ್ಪಿಸೋಣ ತೊಕಿಕೊ-ಸಾನ್. ಅದರ ಜೀವವಾದ್ರೂ ಉಳೀಲಿ" ಅಂದ.

ಮಾರನೇ ಸಂಜೆ ಸಂಘದ ಸುತ್ತೋಲೆ ಕೊಡೋ ನೆಪದಲ್ಲಿ ಇಬ್ಬರೂ ಹೋದೆವು. ಒಳಗೆ ಮೇಜಿನ ಮೂಲೆಗಳಿಗೆಲ್ಲ ಹಳೇ ಹಾಸಿಗೆಯ ತುಂಡು ಸುತ್ತಿತ್ತು. ಕಿನಾಕೊ ಜಾರುಬಾಗಿಲ ಬಳಿ, ಅದು ತೆರೆಯದ ಕಡೆಯ ಗೋಡೆಗೆ ಮೂಗು ಒತ್ತಿಕೊಂಡು ನಿಂತಿತ್ತು. ಸೆತ್ಸು ಪಕ್ಕಕ್ಕೆ ಎಳೆಯೋಕೆ ಹೋದದ್ದೇ ತಡ, ಗುರ್ ಅಂತ ಅವಳ ಕೈಗೆ ಬಾಯಿ ಹಾಕಿತು.

"ಸಾಕಿದೋರನ್ನ ಕಂಡ್ರೇ ಹೆದರುತ್ತಲ್ರೀ" ಅಂದ ಕುವಬಾರ. "ಸೆತ್ಸು-ಸಾನ್, ಸುಮ್ನೆ ಕೊಟ್ಬಿಡಿ."

ಸೆತ್ಸು ನಾಯಿಗೆ ಅಡ್ಡ ನಿಂತಳು. "ಹೆದರಿಕೆ ಅಲ್ಲ ರೀ, ಕಿನಾಕೊಗೆ ಮರೆವು. ಡಾಕ್ಟ್ರೂ ಅದೇ ಹೇಳಿದ್ರು. ಒಳಗೆ ಕೂತಿರೋ ಈ ಮುದುಕಿ, ನಾನು, ಯಾರು ಅಂತ ಅವಳಿಗೆ ಗೊತ್ತಾಗಲ್ಲ. ಊಳಿಡ್ತಾಳೆ ಅಂತಲೇ ಅವತ್ತು ಸಿಹಿ ತಂದಿದ್ದೆ."

"ಮತ್ತೆ ಈ ಬೂಟಿನ ನಾಟಕ ಯಾತಕ್ಕೆ?" ಕೇಳಿಯೇಬಿಟ್ಟೆ.

"ನೋಡಿ. ನೋಡಿದ್ಮೇಲೂ ಬೇಕು ಅನ್ಸಿದ್ರೆ ಕರ್ಕೊಂಡ್ಹೋಗಿ" ಅಂದು ಹಿತ್ತಿಲ ಕಡೆ ನಡೆದಳು.

ಹೊರಗೆ ಬೂಟಿನ ಟಪಟಪ ಕೇಳಿಸಿತು. ಕಿನಾಕೊ ಕಿವಿ ನಿಮಿರಿದವು. ಬಾಗಿಲು ಸರಿಯಿತು. "ಬಂದೆ ಕಣೇ."

ಆ ಮುದಿ ನಾಯಿ ತಿರುಗೋ ಆತುರಕ್ಕೆ ಕುಸಿದು ಬಿತ್ತು, ಮತ್ತೆ ಎದ್ದಿತು. ಸೆತ್ಸು ಮಡಿಲಿಗೆ ಮುಖ ತುರುಕಿ, ಮರಿನಾಯಿ ಥರ ಕುಂಯ್‌ಗುಟ್ಟಿತು. ಬಾಲದ ಜೊತೆ ಇಡೀ ಸೊಂಟವೇ ಆಡ್ತಿತ್ತು. ಹೊಸ್ತಿಲಲ್ಲೇ ಕೂತು ಅದರ ಕಿವಿ ತುರಿಸ್ತಾ ಇದ್ದ ಸೆತ್ಸು ನಕ್ಕಳು. ಇಷ್ಟು ವರ್ಷ ಎದುರುಮನೆಯಲ್ಲಿದ್ದು ಅವಳು ನಕ್ಕದ್ದು ನಾನು ಕಂಡಿರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ.

ಕುವಬಾರ, "ನಾಯಿ ಇಲ್ಲೇ ಇರ್ಲಿ ಬಿಡಿ" ಅಂದ. ಆಮೇಲೆ ಕೇಳಿದ: "ಈ ಗುರುತು ಎಷ್ಟು ಹೊತ್ತು ಇರುತ್ತೆ?"

ಅಷ್ಟರಲ್ಲಿ ಕಿನಾಕೊ ಮುಖ ಹಿಂದಕ್ಕೆಳೆದುಕೊಂಡು, ಸೆತ್ಸುವನ್ನು ದಿಟ್ಟಿಸಿ, ಗುರ್ ಅಂದಿತು.

"ಇಷ್ಟೇ" ಅಂದಳು ಸೆತ್ಸು. ಮೊಣಕಾಲು ಹಿಡಿದುಕೊಂಡು ಎದ್ದಳು. "ನೀವು ಕೂತಿರಿ. ನಾನು ಇನ್ನೊಂದ್ಸಲ ಮನೆಗೆ ಬರ್ತೀನಿ."