ಫೋನ್ ನೋಡಿಕೊಳ್ಳುವ ಹುಡುಗಿ

ಮಕ್ಕಳೇ, ನಿಮ್ಮ ಅಜ್ಜ ಲೆಕ್ಕ ಬರೆಯುವ ರೈಟರಾಗಿದ್ದ ಎಸ್ಟೇಟಿನ ಫೋನುಗಳನ್ನೆಲ್ಲ ಮಡಿಕೇರಿಯ ಒಂದು ಕಂಪ್ಯೂಟರ್ ನಡೆಸುತ್ತಿತ್ತು. ಅದನ್ನು ನೋಡಿಕೊಳ್ಳುವ ಹುಡುಗಿ ನಮ್ಮ ಜಗಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ, ಯಾವ ಫೋನ್ ಸರಿಯಿದೆ ಎಂದು ಇಲ್ಲಿಂದಲೇ ಟೈಪ್ ಮಾಡಿ ಆ ಕಂಪ್ಯೂಟರನ್ನು ಕೇಳುತ್ತಿದ್ದಳು. ಅದೇ ಪ್ರಶ್ನೆಗೆ ಉತ್ತರ ಒಮ್ಮೆ ಅರ್ಧ ಬರುತ್ತಿತ್ತು, ಒಮ್ಮೆ ಬರುತ್ತಲೇ ಇರಲಿಲ್ಲ. ಅವಳು ಜಡೆಯನ್ನು ಹಿಂದಕ್ಕೆ ಎಸೆದು, "ಇನ್ನೊಮ್ಮೆ ಕೇಳುವ, ಮಾವ" ಎನ್ನುವಳು. ನನ್ನ ಒಂದು ಮಾತನ್ನೂ ಪೂರ್ತಿ ಕೇಳದ ಅಜ್ಜ ಅವಳ ಪಕ್ಕದಲ್ಲಿ ತಾಳ್ಮೆಯಿಂದ ಕಾಯುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಊಟಕ್ಕೆ ಕರೆದು ಕರೆದು ನನ್ನ ಗಂಟಲು ಒಣಗಿತು. ಅಜ್ಜ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಹುಡುಗಿಯೇ ಕೈ ನಿಲ್ಲಿಸಿ, "ಈ ಕಂಪ್ಯೂಟರಾದ್ರೂ ಅರ್ಧ ಉತ್ತರ ಕೊಡ್ತದೆ ಮಾವ. ನೀವು ಅತ್ತೆಗೆ ಅದೂ ಕೊಡುದಿಲ್ವಲ್ಲ" ಎಂದಳು.

ಅಜ್ಜ ನಗುತ್ತಾ ಎದ್ದು ಬಂದರು. ಅವಳು ಹೇಳಿದ್ದಕ್ಕೆ ಎದ್ದರಲ್ಲ ಎಂದು ಆ ದಿನ ನನಗೆ ಊಟ ಸೇರಲಿಲ್ಲ.